ಒರಟು ಶೀರ್ಷಿಕೆ ಫಾಂಟ್: ಸವೆದ ಅಚ್ಚಿನ ನೋಟ ಬೇಕು, ದನ ಮಾತ್ರ ಧನ ಆಗಬಾರದು

(ಫಾಂಟ್ ಮಾಡುವವರ ವೇದಿಕೆಯೊಂದರ ಚರ್ಚೆ. ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ತಲೆಕಟ್ಟು

ದಪ್ಪ ಕನ್ನಡ ಶೀರ್ಷಿಕೆ ಫಾಂಟೊಂದು ಅರ್ಧ ದಾರಿಯಲ್ಲಿ ನಿಂತಿದೆ. ಹಳೆಯ ಮರದ ಅಚ್ಚುಮೊಳೆ ಒತ್ತಿದಾಗ ಮಸಿ ಹಿಡಿಯದ ಕಡೆ ಬಿಳಿ ಚುಕ್ಕಿ ಉಳಿಯುತ್ತದಲ್ಲ, ಅಂಚು ಇಲಿ ಕಚ್ಚಿದ ಹಾಗಿರುತ್ತದಲ್ಲ, ಆ ನೋಟ ಬೇಕು. ಬಳಕೆ ಪೋಸ್ಟರ್, ಮುಖಪುಟ ಮತ್ತು ಟೀ ಶರ್ಟ್ ಮೇಲಿನ ಸ್ಕ್ರೀನ್ ಪ್ರಿಂಟ್‌ಗೆ.

ಈಗಿನ ಸ್ಥಿತಿ ಹೀಗಿದೆ. ಸ್ವರಗಳು ಮತ್ತು 34 ವ್ಯಂಜನಗಳು ಒತ್ತಿ, ಸ್ಕ್ಯಾನ್ ಮಾಡಿ, ಟ್ರೇಸ್ (ಚಿತ್ರದಿಂದ ಗೆರೆ ಎತ್ತುವುದು) ಮಾಡಿದಂಥವು. ಒಂದೊಂದಕ್ಕೆ 1,100ರಿಂದ 1,900 ನೋಡ್ (ಅಂಚಿನ ಗೆರೆಯ ಬಿಂದು). ಫಾಂಟ್‌ಫೋರ್ಜ್‌ನಲ್ಲಿ (ಫಾಂಟ್ ತಯಾರಿಸುವ ತಂತ್ರಾಂಶ) ವ್ಯಾಲಿಡೇಟ್, ಅಂದರೆ ತಪ್ಪು ಪರೀಕ್ಷೆ, ಕೊಟ್ಟರೆ ಅರ್ಧಕ್ಕರ್ಧ ಗ್ಲಿಫ್ (ಫಾಂಟಿನ ಒಂದೊಂದು ಅಕ್ಷರರೂಪ) ದೂರು ಹೇಳುತ್ತವೆ. ತ, ನ, ಮ, ಯ, ರ, ಲ ಬಿಟ್ಟು ಉಳಿದ ಒತ್ತಕ್ಷರಗಳನ್ನು ಮೂಲ ಅಕ್ಷರವನ್ನೇ 62%ಗೆ ಇಳಿಸಿ ಮಾಡಿದ್ದು. ನೋಡಲು ಏನೋ ತಪ್ಪಿದೆ, ಏನು ಅಂತ ಗೊತ್ತಾಗುತ್ತಿಲ್ಲ. ಗುಣಿತಕ್ಕೆ ತಲೆಕಟ್ಟಿಲ್ಲದ ಅಕ್ಷರ, ಅದರ ಮೇಲೆ ಚಿಹ್ನೆ, ಎರಡೂ ಕಾಂಪೊನೆಂಟ್ (ಬೇರೆ ಗ್ಲಿಫಿನಿಂದ ಎರವಲು ತಂದು ಜೋಡಿಸಿದ ತುಂಡು). ಅವು ಕೂಡುವ ಜಾಗದಲ್ಲಿ ಚುಕ್ಕಿಯೇ ಇರುವುದಿಲ್ಲ, ನುಣ್ಣನೆ ಕರಿ ತೇಪೆ ಹಾಕಿದ ಹಾಗೆ ಕಾಣುತ್ತದೆ. ಇನ್ನು "ಕನಕ" ಅಂತ ಹೊಡೆದರೆ ಎರಡೂ ಕ-ದ ಎಡ ಭುಜದಲ್ಲಿ ಅದೇ ಕಲೆ, ಅದೇ ಆಕಾರ.

ಚುಕ್ಕಿ ಕಡಿಮೆ ಮಾಡಿ ಅನ್ನುವುದು ಬಿಟ್ಟು ಬೇರೆ ದಾರಿ ಇದ್ದರೆ ಹೇಳಿ.

---

ಅಚ್ಚುಮೊಳೆ

ನಾಲ್ಕು ದೂರು ಹೇಳಿದ್ದೀರಿ, ಕಾಯಿಲೆ ಒಂದೇ. ಒರಟುತನ ಮೊದಲು ಬಂದಿದೆ, ಅಕ್ಷರ ಆಮೇಲೆ ಬಂದಿದೆ. ಅದು ಉಲ್ಟಾ ಆಗಬೇಕು.

ಸ್ಕ್ಯಾನ್ ಮಾಡಿದ ಅಕ್ಷರಗಳನ್ನು ಫಾಂಟಿಗೆ ನೇರವಾಗಿ ಹಾಕಬೇಡಿ. ಅವನ್ನು ಹಿನ್ನೆಲೆಯಲ್ಲಿ ಇಟ್ಟುಕೊಂಡು ಮೇಲೆ ನುಣುಪಾದ ಔಟ್‌ಲೈನ್ ಬಿಡಿಸಿ. ಕ-ಗೆ 30, 40 ನೋಡ್ ಸಾಕು. ಇಡೀ ಫಾಂಟನ್ನು ಹೀಗೇ ನುಣುಪಾಗಿ ಮುಗಿಸಿ: ಗುಣಿತ, ಒತ್ತು, ಅರ್ಕಾವತ್ತು, ಅಂತರ, ಕರ್ನಿಂಗ್ (ಜೋಡಿ ಅಕ್ಷರದ ಅಂತರ ತಿದ್ದುವುದು), ಶೇಪಿಂಗ್ (ಟೈಪ್ ಮಾಡಿದ್ದನ್ನು ಗುಣಿತ, ಒತ್ತುಗಳಾಗಿ ಜೋಡಿಸುವುದು) ನಿಯಮ ಎಲ್ಲ. ಅದು ಒಂದು ಸಾದಾ ದಪ್ಪ ಫಾಂಟ್ ಆಗಿ ತನ್ನಷ್ಟಕ್ಕೆ ಕೆಲಸ ಮಾಡಬೇಕು. ಒರಟುತನ ಕಟ್ಟಕಡೆಯ ಹೆಜ್ಜೆ, ಅದೂ ಸ್ಕ್ರಿಪ್ಟಿನಿಂದ.

ಕರಿ ತೇಪೆ ಯಾಕೆ ಬರುತ್ತದೆ ಅಂದರೆ, ಗ್ಲಿಫಿನ ಒಳಗಿನ ಬಿಳಿ ಚುಕ್ಕಿ ಅನ್ನುವುದು ಹೊರಗೆರೆಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುವ ಒಂದು ಗೆರೆ. ತುಂಬುವ ಲೆಕ್ಕದಲ್ಲಿ ಹೊರಗೆರೆ ಒಂದು ಕೂಡುತ್ತದೆ, ಚುಕ್ಕಿ ಒಂದು ಕಳೆಯುತ್ತದೆ, ಸೊನ್ನೆ ಬಂದಲ್ಲಿ ಬಿಳಿ. ಈಗ ಅದೇ ಜಾಗದ ಮೇಲೆ ಚಿಹ್ನೆಯ ಬಾಲ ಬಂದು ಕೂತರೆ ಮತ್ತೆ ಒಂದು ಕೂಡಿತು, ಚುಕ್ಕಿ ಮುಚ್ಚಿತು. ಕೂಡುವ ಜಾಗ 60 ಯೂನಿಟ್ (ಅಕ್ಷರ ಕೂರುವ ಚೌಕದ ಎತ್ತರದ ಸಾವಿರದಲ್ಲೊಂದು ಭಾಗ ಒಂದು ಯೂನಿಟ್) ಅಗಲ ಇದ್ದರೆ 60 ಯೂನಿಟ್ ಅಗಲದ ತೇಪೆ. ಕಾಂಪೊನೆಂಟ್‌ಗಳಲ್ಲಿ ಎಷ್ಟು ಸರಿಮಾಡಿದರೂ ಇದು ಹೋಗುವುದಿಲ್ಲ.

ಹಾಗಾಗಿ ಕ್ರಮ ಹೀಗಿರಲಿ. ನುಣುಪು ಫಾಂಟಿನ ಪ್ರತಿಯೊಂದು ಗ್ಲಿಫನ್ನೂ ಡಿಕಂಪೋಸ್ ಮಾಡಿ (ಎರವಲು ತುಂಡುಗಳನ್ನು ಸ್ವಂತ ಗೆರೆಗಳಾಗಿಸಿ), ಓವರ್‌ಲ್ಯಾಪ್ ತೆಗೆದು ಒಂದೇ ಆಕಾರ ಮಾಡಿ, ಆಮೇಲೆ ಅಂಚು ಒರಟು ಮಾಡಿ, ಕೊನೆಗೆ ಚುಕ್ಕಿಗಳ ಹಾಳೆಯನ್ನು (ಬರೀ ಚುಕ್ಕಿಗಳಿರುವ ದೊಡ್ಡ ಚಿತ್ರವನ್ನು) ಅದರಿಂದ ಕಳೆಯಿರಿ. ಪೈಥಾನ್‌ನಲ್ಲಿ ಸ್ಕಿಯಾ ಪಾಥಾಪ್ಸ್ ಲೈಬ್ರರಿ ಈ ಕಳೆಯುವ ಕೆಲಸ ಚೆನ್ನಾಗಿ ಮಾಡುತ್ತದೆ. ಚುಕ್ಕಿ ಹಾಳೆ ಕನಿಷ್ಠ 4000×4000 ಯೂನಿಟ್ ಇರಲಿ, ಪ್ರತಿ ಗ್ಲಿಫಿಗೂ ಹಾಳೆಯ ಬೇರೆ ಬೇರೆ ಮೂಲೆ ಸಿಗುವಂತೆ ಜರುಗಿಸಿ. ಎಷ್ಟು ಜರುಗಿಸಬೇಕು ಅನ್ನುವುದನ್ನು ಗ್ಲಿಫಿನ ಹೆಸರಿನಿಂದಲೇ ಲೆಕ್ಕ ಹಾಕಿ. ಹಾಗೆ ಮಾಡಿದರೆ ನಾಳೆ ಒಂದು ಅಕ್ಷರ ತಿದ್ದಿ ಮತ್ತೆ ಬಿಲ್ಡ್ ಮಾಡಿದಾಗ ಉಳಿದ ಅಕ್ಷರಗಳ ಚುಕ್ಕಿ ಕದಲುವುದಿಲ್ಲ. ಇದಕ್ಕೆ ಪೈಥಾನಿನ ಹ್ಯಾಶ್ ಫಂಕ್ಷನ್ ಬಳಸಬೇಡಿ. ಪಠ್ಯಕ್ಕೆ ಅದು ಪ್ರತಿ ಸಲ ಓಡಿಸಿದಾಗಲೂ ಬೇರೆ ಸಂಖ್ಯೆ ಕೊಡುತ್ತದೆ. ಸಿಆರ್‌ಸಿ32 ಬಳಸಿ, ಒಂದೇ ಹೆಸರಿಗೆ ಅದು ಯಾವತ್ತೂ ಒಂದೇ ಸಂಖ್ಯೆ ಕೊಡುತ್ತದೆ.

ಒತ್ತಕ್ಷರದ ವಿಷಯ. ಅಕ್ಷರವನ್ನು 62%ಗೆ ಇಳಿಸಿದಾಗ ಚುಕ್ಕಿಯೂ 62%ಗೆ ಇಳಿಯಿತು. ಮೇಲಿನ ಅಕ್ಷರದಲ್ಲಿ 16 ಯೂನಿಟ್ ಚುಕ್ಕಿ, ಕೆಳಗಿನ ಒತ್ತಿನಲ್ಲಿ 10 ಯೂನಿಟ್. ಒಂದೇ ಕಾಗದ, ಒಂದೇ ಮಸಿ, ಒಂದೇ ಒತ್ತಡ, ಹಾಗಿದ್ದ ಮೇಲೆ ಒತ್ತಿನಲ್ಲಿ ಮಾತ್ರ ಮರಳು ಸಣ್ಣಗೆ ಯಾಕೆ? ಕಣ್ಣು ಹಿಡಿಯುತ್ತಿರುವುದು ಇದನ್ನೇ. ಅದರ ಜೊತೆಗೆ 180 ಯೂನಿಟ್ ಗೆರೆ 112ಕ್ಕೆ ಇಳಿದು ಒತ್ತು ಬಡಕಲಾಯಿತು. ಒತ್ತನ್ನು ಬೇರೆಯಾಗಿಯೇ ಬಿಡಿಸಿ ಗೆರೆ 140ರಿಂದ 150ಕ್ಕೆ ತನ್ನಿ. ಚುಕ್ಕಿ ಹಾಳೆ ಮಾತ್ರ ಎಲ್ಲ ಗ್ಲಿಫಿಗೂ ಒಂದೇ ಅಳತೆಯದು.

---

ಗ್ಲಿಫ್‌ಗಿರಾಕಿ

ನೋಡ್ ಲೆಕ್ಕ ನನ್ನದು.

ಫಾಂಟ್‌ಫೋರ್ಜ್ ದೂರುವುದು ಒಂದು ಗ್ಲಿಫಿನಲ್ಲಿ 1500 ಬಿಂದು ದಾಟಿದಾಗ. ಅದು ಪೋಸ್ಟ್‌ಸ್ಕ್ರಿಪ್ಟಿನ (ಪ್ರಿಂಟರಿಗೆ ಪುಟ ವಿವರಿಸುವ ಭಾಷೆ) ಹಳೆಯ ಮಿತಿ. ಇವತ್ತಿನ ಬಹುತೇಕ ಯಂತ್ರಗಳು ಅದನ್ನು ಮೀರಿದರೂ ಮುದ್ರಿಸುತ್ತವೆ, ಆದರೆ ಆ ಗಡಿಯ ಹತ್ತಿರ ಹೋಗುವ ಅಗತ್ಯವೇ ಇಲ್ಲ. ದಪ್ಪ ಕ-ದ ಒಳಹೊರ ಅಂಚು ಸೇರಿ ಸುಮಾರು 5000 ಯೂನಿಟ್ ಉದ್ದ ಅಂದುಕೊಳ್ಳಿ. 22 ಯೂನಿಟ್‌ಗೆ ಒಂದು ಬಿಂದು ಇಟ್ಟರೆ ಸುಮಾರು 230. ಚುಕ್ಕಿ 60, ಒಂದಕ್ಕೆ 5 ಬಿಂದು, 300. ಒಟ್ಟು 530. ಪೋಸ್ಟರಿಗೆ ಇದು ಧಾರಾಳ.

ದೊಡ್ಡ ಉಳಿತಾಯ ಇರುವುದು ಇಲ್ಲಿ: ಒರಟು ಅಂಚಿಗೆ ವಕ್ರರೇಖೆ ಬೇಡ. ಎಲ್ಲವೂ ನೇರ ತುಂಡುಗಳೇ ಆಗಿರಲಿ. 20 ಯೂನಿಟ್ ಉದ್ದದ ತುಂಡು ನೇರವೋ ಬಾಗಿದ್ದೋ ಅಂತ ಯಾರ ಕಣ್ಣಿಗೂ ಕಾಣುವುದಿಲ್ಲ. ನಿಯಂತ್ರಣ ಬಿಂದುಗಳೆಲ್ಲ ಹೋಗಿಬಿಡುತ್ತವೆ. ಟ್ರೂಟೈಪ್‌ಗೆ ಪರಿವರ್ತಿಸುವಾಗ ವಕ್ರರೇಖೆಗಳ ಬಿಂದು ಹೆಚ್ಚುವ ಕಾಟವೂ ಇಲ್ಲ.

ಚುಕ್ಕಿ ಹಾಳೆಯನ್ನು ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್‌ನಲ್ಲಿ ಮಾಡುವುದಾದರೆ ಮೂರು ಸೆಟ್ಟಿಂಗ್ ನೋಡಿ. ಸ್ಪೆಕಲ್ಸ್ ಮೊದಲಿಗೆ 2 ಇರುತ್ತದೆ, 1200 ಡಿಪಿಐ ಸ್ಕ್ಯಾನಿಗೆ ಅದು ಏನೇನೂ ಸಾಲದು. 40, 60ರ ತನಕ ಏರಿಸಿ, ಧೂಳು ಉದುರುತ್ತದೆ. ಸ್ಮೂತ್ ಕಾರ್ನರ್ಸ್ 1.0 ಇರುವುದನ್ನು ಸೊನ್ನೆಗೆ ಇಳಿಸಿದರೆ ನೇರ ತುಂಡುಗಳೇ ಸಿಗುತ್ತವೆ. ಆಪ್ಟಿಮೈಜ್ 0.2 ಇದ್ದ ಹಾಗೆ ಬಿಡಿ, ನೇರ ತುಂಡಿಗೆ ಅದರಿಂದ ಏನೂ ಆಗುವುದಿಲ್ಲ.

ಎಂ ಚೌಕ (ಅಕ್ಷರ ಕೂರುವ ಚೌಕ) 1000 ಯೂನಿಟ್ ಇದ್ದರೆ 2000 ಮಾಡಿ. ಬಿಂದುಗಳು ಪೂರ್ಣಾಂಕಕ್ಕೆ ಕೂರಬೇಕಾದ್ದರಿಂದ 1000ದಲ್ಲಿ 4 ಯೂನಿಟ್ ಚುಕ್ಕಿ ಅನ್ನುವುದು ಚೌಕವೇ ಆಗಿಬಿಡುತ್ತದೆ. ದೊಡ್ಡ ಪೋಸ್ಟರಿನಲ್ಲಿ ಆ ಚೌಕಗಳು ಸಾಲಾಗಿ ಕಂಡರೆ ಮರದ ಅಚ್ಚು ಅಂತ ಯಾರೂ ನಂಬುವುದಿಲ್ಲ. ನಾವಿಲ್ಲಿ ಹೇಳುತ್ತಿರುವ ಯೂನಿಟ್ ಎಲ್ಲ 1000ದ ಲೆಕ್ಕ, ನೀವು ಎರಡರಿಂದ ಗುಣಿಸಿಕೊಳ್ಳಿ.

ಹಿಂಟಿಂಗ್ (ಪರದೆಯ ಪಿಕ್ಸೆಲ್‌ಗೆ ಗೆರೆ ಕೂರಿಸುವ ಸೂಚನೆ) ಹಾಕಬೇಡಿ. ಆಟೋ ಹಿಂಟರ್ ಪ್ರತಿ ಹಲ್ಲನ್ನೂ ಒಂದು ಗೆರೆ ಅಂದುಕೊಂಡು ಪಿಕ್ಸೆಲ್‌ಗೆ ಎಳೆಯಲು ಹೋಗುತ್ತದೆ, ಪರದೆಯ ಮೇಲೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ.

---

ಸೊನ್ನೆ

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದನ್ನು ಯಾರೂ ಹೇಳಲಿಲ್ಲ. ಕನ್ನಡದಲ್ಲಿ ಚುಕ್ಕಿ ಮತ್ತು ಸೀಳು ಅಲಂಕಾರ ಅಲ್ಲ, ಅಕ್ಷರ.

ರ-ದ ಹೊಟ್ಟೆಯಲ್ಲಿ ಒಂದು ಕರಿ ಚುಕ್ಕಿ ಬಿದ್ದರೆ ಠ. ದ-ದ ಹೊಟ್ಟೆಯಲ್ಲಿ ಬಿದ್ದರೆ ಥ. "ಪದ" ಹೋಗಿ "ಪಥ", "ಪಾರ" ಹೋಗಿ "ಪಾಠ". ದ-ದ ತಳದಲ್ಲಿ ಅಂಚು ಕಚ್ಚಿದ ಗುರುತು ಸ್ವಲ್ಪ ಆಳವಾದರೆ ಧ. ಬ/ಭ, ಡ/ಢ, ಪ/ಫ ಇವಕ್ಕೂ ಇದೇ ಕಥೆ. ಉಲ್ಟಾ ಸಮಸ್ಯೆಯೂ ಇದೆ: ದಪ್ಪ ಅಕ್ಷರದಲ್ಲಿ ನಿಜವಾದ ಸೀಳು ಕಿರಿದಾಗಿ, ಸುತ್ತ ಇರುವ ಸವೆತದಲ್ಲಿ ಕಳೆದುಹೋಗುತ್ತದೆ. ಆಗ ಧನ ದನ ಆಗುತ್ತದೆ.

ಲ್ಯಾಟಿನ್ ಒರಟು ಫಾಂಟ್ ಮಾಡುವವರಿಗೆ ಈ ತಲೆನೋವು ಬಹಳ ಕಡಿಮೆ. ಅವರ ಪಾಠಗಳನ್ನು ನೋಡಿಕೊಂಡು ಮಸಿ ಎರಚಿದಂಥ ಕರಿ ಚುಕ್ಕಿಗಳನ್ನು ಎಲ್ಲೆಂದರಲ್ಲಿ ಹಾಕುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

---

ಅಚ್ಚುಮೊಳೆ

@ಸೊನ್ನೆ ಸರಿಯಾದ ಮಾತು. ಇದಕ್ಕೊಂದು ಅಳತೆಯನ್ನೇ ಇಟ್ಟುಕೊಳ್ಳಬಹುದು: ಅಕ್ಷರದ ಗುರುತು ಹೇಳುವ ಅತಿ ಸಣ್ಣ ಭಾಗ, ಸವೆತದ ಅತಿ ದೊಡ್ಡ ಚುಕ್ಕಿಯ ಎರಡರಷ್ಟಾದರೂ ಇರಬೇಕು. ಧ-ದ ಸೀಳು 50 ಯೂನಿಟ್ ಅಗಲ ಇದ್ದರೆ ಚುಕ್ಕಿ 25 ದಾಟಬಾರದು. ಅಂಚಿನ ಕಡಿತ ಅದಕ್ಕಿಂತಲೂ ಕಡಿಮೆ, ಒಳಕ್ಕೆ 8 ಯೂನಿಟ್ ಸಾಕು.

ಸ್ಕ್ರಿಪ್ಟಿನಲ್ಲಿ ಕಾವಲು ಪದರ ಒಂದು ಇಡಿ. ನುಣುಪು ಫೈಲಿನಲ್ಲೇ ಬೇರೆ ಲೇಯರ್ ಮಾಡಿ, ಸೀಳು ಮತ್ತು ಹೊಟ್ಟೆಚುಕ್ಕಿಯ ಸುತ್ತ 40 ಯೂನಿಟ್ ದೂರಕ್ಕೆ ಒಂದು ಆಕಾರ ಬರೆದಿಡಿ. ಅದರೊಳಗೆ ಬೀಳುವ ಸವೆತವನ್ನು ಸ್ಕ್ರಿಪ್ಟ್ ಬಿಟ್ಟುಬಿಡಬೇಕು. ಸೀಳಿಲ್ಲದ ದ, ಬ, ಡ, ಪ-ಗಳ ತಳಕ್ಕೂ ಅದೇ ಕಾವಲು ಬೇಕು, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಹೊಟ್ಟೆಯ ಬಯಲಿಗೆ, ಅಂದರೆ ರ, ದ-ಗಳ ಒಳಗಿನ ಬಿಳಿ ಜಾಗಕ್ಕೆ ಕರಿ ಚುಕ್ಕಿ ಪೂರ್ತಿ ನಿಷೇಧ. ಪ-ದ ಹೊಟ್ಟೆಗೂ ಅಷ್ಟೇ, ಅಡ್ಡಕ್ಕೆ ಏನಾದರೂ ಬಿದ್ದರೆ ಷ ಹತ್ತಿರ ಬರುತ್ತದೆ.

---

ತಲೆಕಟ್ಟು

ಕಾವಲು ಪದರದ ಮಾತು ತಲೆಗೆ ಹೊಳೆದೇ ಇರಲಿಲ್ಲ. ಹಾಗಾದರೆ ಚುಕ್ಕಿ ಹಾಳೆಯನ್ನು ಎಲ್ಲಿಂದ ತರುವುದು? ಮರದ ನೋಟ ಬೇಕು ಅಂದರೆ ಹಲಗೆಯ ಎಳೆ ಕಾಣುವ ಫೋಟೋ ತೆಗೆದು ಟ್ರೇಸ್ ಮಾಡಿದರೆ ಸಾಕೇ? ಉದ್ದುದ್ದ ಗೆರೆ ಇರುವ ಒಂದು ಹಾಳೆ ಸಿದ್ಧ ಇದೆ.

---

ಮಸಿರೋಲರ್

ಆ ಉದ್ದುದ್ದ ಗೆರೆಯ ಹಾಳೆ ಪಕ್ಕಕ್ಕಿಡಿ. ಮರದ ಅಚ್ಚುಮೊಳೆಯನ್ನು ಸಾಮಾನ್ಯವಾಗಿ ಕೆತ್ತುತ್ತಿದ್ದದ್ದು ಹಲಗೆಯ ಮೈಮೇಲೆ ಅಲ್ಲ, ಅಡ್ಡ ಕೊಯ್ದ ತುದಿಯ ಮೇಲೆ. ಗಟ್ಟಿ ಮೇಪಲ್ ಮರ. ಎಳೆಗಳು ಕಾಗದಕ್ಕೆ ಲಂಬವಾಗಿ ನಿಂತಿರುತ್ತವೆ, ಆದ್ದರಿಂದಲೇ ಸಣ್ಣ ಮೂಲೆಯೂ ಮುರಿಯದೆ ಸಾವಿರಾರು ಒತ್ತು ತಡೆಯುತ್ತಿತ್ತು. ಡೇರಿಯಸ್ ವೆಲ್ಸ್ ನ್ಯೂಯಾರ್ಕಿನಲ್ಲಿ 1827ರಲ್ಲಿ ಮರದ ಅಚ್ಚನ್ನು ಯಂತ್ರದಿಂದ ಕೊರೆಯಲು ಶುರುಮಾಡಿದ್ದೂ ಇಂಥ ತುದಿಮರದ ಮೇಲೇ. ತುದಿಮರ ಒತ್ತಿದರೆ ಉದ್ದ ಗೆರೆ ಬರುವುದಿಲ್ಲ, ಸಣ್ಣ ಸಣ್ಣ ಚುಕ್ಕಿ, ಗೀರು, ಪೆಟ್ಟು ಬಿದ್ದ ಮೂಲೆ ಬರುತ್ತದೆ. ಉದ್ದ ಎಳೆ ಬರುವುದು ಹಲಗೆಯ ಮೈಮೇಲೆ ಕೆತ್ತಿದ ಬ್ಲಾಕುಗಳಲ್ಲಿ. ಅದೂ ಚಂದದ ನೋಟವೇ, ಆದರೆ ಹಾಗಾದರೆ ಗೆರೆ ಎಲ್ಲ ಅಕ್ಷರದಲ್ಲೂ ಒಂದೇ ದಿಕ್ಕಿಗೆ ಹರಿಯಬೇಕು. ಮಿಶ್ರ ಮಾಡಿದರೆ ಎರಡೂ ಕೆಡುತ್ತದೆ.

ಚುಕ್ಕಿ ಬರುವುದು ಮೂರು ಕಾರಣಕ್ಕೆ, ಮೂರೂ ಬೇರೆ ಬೇರೆ ಕಾಣುತ್ತವೆ. ಮಸಿ ಕಡಿಮೆಯಾದರೆ ಉಪ್ಪು ಉದುರಿಸಿದಂತೆ ಎಲ್ಲ ಕಡೆ ಸಣ್ಣ ಬಿಳಿ. ಒತ್ತಡ ಸಾಲದಿದ್ದರೆ ಅಕ್ಷರದ ಒಂದು ಭಾಗ ಮಾತ್ರ ಮಸುಕು, ಸವೆದ ಅಚ್ಚು ತಗ್ಗಾಗಿರುವ ಕಡೆ. ಕಾಗದ ಒರಟಾಗಿದ್ದರೆ ಕಾಗದದ ನೇಯ್ಗೆ ಕಾಣುತ್ತದೆ, ಅಚ್ಚಿನದಲ್ಲ. ನಿಮಗೆ ಬೇಕಾದ್ದು ಮೊದಲ ಎರಡು, ಹಾಗಾಗಿ ಕಾಗದ ನುಣುಪಾಗಿರಲಿ.

ಹಾಳೆ ತಯಾರಿಸಲು ಅಕ್ಷರ ಕೆತ್ತುವ ಅಗತ್ಯವೇ ಇಲ್ಲ. 15×15 ಸೆಂಟಿಮೀಟರಿನ ಲಿನೋ ತುಂಡು ಅಥವಾ ಅಡ್ಡ ಕೊಯ್ದ ಮರದ ತುಂಡು ತೆಗೆದುಕೊಂಡು 220 ನಂಬರಿನ ಮರಳು ಕಾಗದದಿಂದ ಒಮ್ಮೆ ಹಗುರವಾಗಿ ಉಜ್ಜಿ. ಅಲ್ಲಲ್ಲಿ ತಂತಿ ಬ್ರಷ್ಷಿನಿಂದ ತಟ್ಟಿ, ಎಳೆಯಬೇಡಿ, ಎಳೆದರೆ ಗೀರು ದಿಕ್ಕು ಹಿಡಿಯುತ್ತದೆ. ರೋಲರಿನಲ್ಲಿ ಬ್ಲಾಕ್ ಪ್ರಿಂಟಿಂಗ್ ಮಸಿಯನ್ನು ತೆಳ್ಳಗೆ ಹರಡಿ. ಗಾಜಿನ ಮೇಲೆ ರೋಲರ್ ಉರುಳುವಾಗ ಸಣ್ಣಗೆ ಸರಸರ ಸದ್ದು ಬಂದರೆ ಮಸಿ ಹದವಾಗಿದೆ, ಪಿಚಕ್ ಪಿಚಕ್ ಅಂದರೆ ಹೆಚ್ಚಾಗಿದೆ. ಒಮ್ಮೆ ಒತ್ತಿ, ಮಸಿ ಹಾಕದೆ ಎರಡನೆಯ ಸಲ ಒತ್ತಿ, ಮೂರನೆಯ ಸಲವೂ ಒತ್ತಿ. ಮೊದಲನೆಯದು ಬರೀ ಕಪ್ಪು, ಕೆಲಸಕ್ಕೆ ಬರುವುದಿಲ್ಲ. ಎರಡನೆಯದರಲ್ಲಿ ಬೇಕಾದ ಉಪ್ಪು ಸಿಗುತ್ತದೆ. ಹೀಗೆ ಏಳೆಂಟು ಸುತ್ತು ಒತ್ತಿ ಒಳ್ಳೆಯ ಮೂರನ್ನು ಆರಿಸಿ.

ಸ್ಕ್ಯಾನ್ 1200 ಡಿಪಿಐ, ಗ್ರೇಸ್ಕೇಲ್. ಸ್ಕ್ಯಾನರಿನ ಶಾರ್ಪನ್, ಧೂಳು ತೆಗೆಯುವ ಆಯ್ಕೆ ಎರಡೂ ಬಂದ್. ಧೂಳು ತೆಗೆಯುವ ಆಯ್ಕೆ ನಿಮ್ಮ ಚುಕ್ಕಿಯನ್ನೇ ಧೂಳು ಅಂದುಕೊಳ್ಳುತ್ತದೆ.

ಇನ್ನೊಂದು: ನಿಜವಾದ ಒತ್ತಿನಲ್ಲಿ ಅಂಚಿಗೆ ಮಸಿ ಒತ್ತರಿಸಿ ದಪ್ಪ ಗೆರೆಯಂತೆ ನಿಲ್ಲುತ್ತದೆ. ಅಂಚಿನಿಂದ 10, 15 ಯೂನಿಟ್ ಒಳಗಿನ ತನಕ ಚುಕ್ಕಿ ಬಹಳ ಕಡಿಮೆ. ಸ್ಕ್ರಿಪ್ಟಿನಲ್ಲಿ ಈ ಪಟ್ಟಿಯಲ್ಲಿ ಚುಕ್ಕಿಗಳನ್ನು ಮುಕ್ಕಾಲು ಪಾಲು ತೆಗೆದುಬಿಡಿ. ಇದೊಂದೇ ಬದಲಾವಣೆಗೆ ಅಕ್ಷರ ಕಂಪ್ಯೂಟರಿನಿಂದ ಕಾಗದಕ್ಕೆ ಇಳಿಯುತ್ತದೆ, ಮಾಡಿ ನೋಡಿ.

---

ಪರದೆಮುದ್ರಕ

ಭಿನ್ನಮತ ಒಂದು ದಾಖಲಿಸುತ್ತೇನೆ. ಇಷ್ಟೆಲ್ಲ ಫಾಂಟಿನೊಳಗೇ ಯಾಕೆ ತುಂಬಬೇಕು? ನುಣುಪು ಫಾಂಟಿನಲ್ಲಿ ಟೈಪ್ ಮಾಡಿ, ಮೇಲೆ ಮಾಸ್ಕ್ ಹಾಕಿದರೆ ಚುಕ್ಕಿ ಎಲ್ಲೂ ಪುನರಾವರ್ತನೆ ಆಗುವುದಿಲ್ಲ, ಒತ್ತಿಗೂ ಅಕ್ಷರಕ್ಕೂ ಒಂದೇ ಮರಳು ತಾನಾಗೇ ಬರುತ್ತದೆ, ಕೂಡುವ ಜಾಗದ ತೇಪೆಯೂ ಇಲ್ಲ.

ಫೋಟೋಶಾಪಿನಲ್ಲಿ: ಅಂತಿಮ ಅಳತೆಯಲ್ಲೇ 600 ಪಿಪಿಐ ಫೈಲ್, ಬಿಳಿಯ ಮೇಲೆ ಕರಿ ಅಕ್ಷರ. ಗಾಸಿಯನ್ ಬ್ಲರ್ 4 ಪಿಕ್ಸೆಲ್, ಆಮೇಲೆ ಥ್ರೆಶೋಲ್ಡ್ (ಕೊಟ್ಟ ಮಟ್ಟಕ್ಕಿಂತ ಕಡುವಾದದ್ದೆಲ್ಲ ಕಪ್ಪು, ಉಳಿದದ್ದು ಬಿಳಿ). 128 ಕೊಟ್ಟರೆ ನೇರ ಅಂಚು ಇದ್ದಲ್ಲೇ ಉಳಿದು ಮೂಲೆ ಮಾತ್ರ ದುಂಡಾಗುತ್ತದೆ. 150 ಕೊಟ್ಟರೆ ಮಸಿ ಹರಡಿದಂತೆ ಅಕ್ಷರ ದಪ್ಪಗಾಗುತ್ತದೆ, ಒಳಮೂಲೆಗಳು ತುಂಬಿಕೊಳ್ಳುತ್ತವೆ. ಸೀಳುಗಳ ಮೇಲೆ ಕಣ್ಣಿರಲಿ. ಇದಾದ ಮೇಲೆ ಚುಕ್ಕಿ ಹಾಳೆಯನ್ನು ಲೇಯರ್ ಮಾಸ್ಕ್ ಆಗಿ ಹಾಕಿ. ಕ್ರಮ ತಪ್ಪಿ ಮೊದಲು ಚುಕ್ಕಿ, ಆಮೇಲೆ ಬ್ಲರ್ ಅಂತ ಮಾಡಿದರೆ ಸಣ್ಣ ಚುಕ್ಕಿಗಳೆಲ್ಲ ಕರಗಿ, ದೊಡ್ಡವು ಗುಳ್ಳೆಯ ಹಾಗೆ ದುಂಡಗಾಗುತ್ತವೆ.

ಮುದ್ರಣದ ಮಿತಿಯನ್ನೂ ಹೇಳಿಬಿಡುತ್ತೇನೆ, ಇದು ಫಾಂಟಿಗೂ ಅನ್ವಯ. ಬಟ್ಟೆಗೆ ಸಾಮಾನ್ಯವಾಗಿ ಸೆಂಟಿಮೀಟರಿಗೆ 43 ಎಳೆಯ ಪರದೆ. ಎಳೆಯಿಂದ ಎಳೆಗೆ 0.23 ಮಿಲಿಮೀಟರ್. ಅಕ್ಷರದೊಳಗಿನ ಬಿಳಿ ಚುಕ್ಕಿ ಅಂದರೆ ಪರದೆಯ ಮೇಲೆ ಒಂಟಿಯಾಗಿ ನಿಂತ ಎಮಲ್ಷನ್ (ಪರದೆಯ ರಂಧ್ರ ಮುಚ್ಚುವ ಲೇಪ) ದ್ವೀಪ. ಅದು ಕನಿಷ್ಠ ಎರಡು ಎಳೆಯನ್ನಾದರೂ ಹಿಡಿದುಕೊಳ್ಳದಿದ್ದರೆ ತೊಳೆಯುವಾಗಲೇ ಕೊಚ್ಚಿಹೋಗುತ್ತದೆ. ಅಂದರೆ 0.46 ಮಿಲಿಮೀಟರ್, ಸುಮಾರು 1.3 ಪಾಯಿಂಟ್. 72 ಪಾಯಿಂಟ್ ಅಕ್ಷರದಲ್ಲಿ ಅದು 18 ಯೂನಿಟ್. ಅದಕ್ಕಿಂತ ಸಣ್ಣ ಚುಕ್ಕಿ ಹಾಕಿ ಏನೂ ಪ್ರಯೋಜನ ಇಲ್ಲ, ಬಟ್ಟೆಯ ಮೇಲೆ ಬರುವುದೇ ಇಲ್ಲ. 200 ಪಾಯಿಂಟಿಗೆ ಹೋದರೆ 6.5 ಯೂನಿಟ್ ಚುಕ್ಕಿಯೂ ನಿಲ್ಲುತ್ತದೆ. ಹೀಗಾಗಿ ಒರಟು ಫಾಂಟ್ ಒಂದೇ ಸಾಲದು, ಪೋಸ್ಟರಿಗೆ ಒಂದು, ಅಂಗಿಗೆ ಒಂದು ಬೇಕಾಗುತ್ತದೆ. ಮಾಸ್ಕಿನಲ್ಲಿ ಅದು ಒಂದು ಸ್ಲೈಡರ್ ಅಷ್ಟೇ.

ವಿನೈಲ್ ಕತ್ತರಿಸುವ ಯಂತ್ರಕ್ಕೆ ಒರಟು ಫಾಂಟ್ ಕಳಿಸಬೇಡಿ. ಅಕ್ಷರಕ್ಕೆ 60 ಚುಕ್ಕಿ ಅಂದರೆ 60 ಚೂರನ್ನು ಚಿಮಟದಿಂದ ಕೀಳಬೇಕು.

---

ಗ್ಲಿಫ್‌ಗಿರಾಕಿ

@ಪರದೆಮುದ್ರಕ ಒಂದೇ ಪೋಸ್ಟರ್ ಮಾಡುವವರಿಗೆ ಮಾಸ್ಕೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತು ಜನ ಸೇರಿ ನೂರು ಶೀರ್ಷಿಕೆ ಮಾಡುವಲ್ಲಿ, ಕೊನೆಯ ಗಳಿಗೆಯಲ್ಲಿ ಪದ ಬದಲಾಗುವಲ್ಲಿ, ವೆಕ್ಟರ್ ಫೈಲೇ ಬೇಕು ಅನ್ನುವಲ್ಲಿ ಫಾಂಟ್ ಬೇಕು. ಅಂಗಿಯ ಪ್ರಶ್ನೆಗೆ ಉತ್ತರ ಸುಲಭ: ಅಚ್ಚುಮೊಳೆ ಹೇಳಿದ ಕ್ರಮದಲ್ಲಿ ಒರಟುತನ ಕೊನೆಯ ಹೆಜ್ಜೆ ಆಗಿರುವುದರಿಂದ, ಚುಕ್ಕಿ ಹಾಳೆ ಬದಲಿಸಿ ಸ್ಕ್ರಿಪ್ಟನ್ನು ಮತ್ತೊಮ್ಮೆ ಓಡಿಸಿದರೆ ಎರಡನೆಯ ಫಾಂಟ್ ಸಿದ್ಧ. ಒಂದು "ಒರಟು", ಇನ್ನೊಂದು "ದೊಡ್ಡ ಒರಟು". ಜೊತೆಗೆ ನುಣುಪಿನದನ್ನೂ ಕೊಡಿ, ವಿನೈಲಿನವರಿಗೆ. ಮೂರಕ್ಕೂ ಅಗಲ ಒಂದೇ, ಹಾಗಾಗಿ ಸಾಲು ಕದಲುವುದಿಲ್ಲ.

ಕನಕದ ಕಲೆ. 1989ರಲ್ಲಿ ಯುಸ್ಟ್ ಫಾನ್ ರೋಸಮ್ ಮತ್ತು ಎರಿಕ್ ಫಾನ್ ಬ್ಲೋಕ್‌ಲಾಂಡ್ ಮಾಡಿದ ಬಿಯೋವುಲ್ಫ್ ಫಾಂಟ್ ಇದನ್ನು ಪ್ರಿಂಟರಿನೊಳಗೇ ಬಗೆಹರಿಸಿತ್ತು. ಪೋಸ್ಟ್‌ಸ್ಕ್ರಿಪ್ಟಿನ ಗೆರೆ ಎಳೆಯುವ ಆದೇಶವನ್ನೇ ಬದಲಿಸಿ, ಬಿಂದುಗಳು ಪ್ರತಿ ಸಲ ಬೇರೆ ಕಡೆ ಬೀಳುವಂತೆ ಮಾಡಿದ್ದರು. ಈಗ ಆ ದಾರಿ ಇಲ್ಲ. ಓಪನ್‌ಟೈಪಿನಲ್ಲಿ (ಇಂದಿನ ಫಾಂಟ್ ಮಾದರಿ) ಯಾದೃಚ್ಛಿಕ ಆಯ್ಕೆಗೆ ಒಂದು ಫೀಚರ್ ಇದ್ದರೂ ಅದನ್ನು ನಂಬಿಕೊಂಡು ಫಾಂಟ್ ಬಿಡುಗಡೆ ಮಾಡಲಾಗುವುದಿಲ್ಲ. ಕಾಂಟೆಕ್ಸ್ಚುವಲ್ ಆಲ್ಟರ್ನೇಟ್ಸ್ (ಅಕ್ಕಪಕ್ಕದ ಅಕ್ಷರ ನೋಡಿ ರೂಪ ಬದಲಿಸುವ ನಿಯಮ) ಒಂದೇ ಗತಿ.

ಪ್ರತಿ ಅಕ್ಷರಕ್ಕೆ ಮೂರು ರೂಪ, ಅಂದರೆ ಚುಕ್ಕಿ ಹಾಳೆಯ ಮೂರು ಬೇರೆ ಮೂಲೆ. ನಿಯಮ: ಹಿಂದಿನ ಮೂರು ಗ್ಲಿಫಿನೊಳಗೆ ಇದೇ ಅಕ್ಷರದ ಮೊದಲ ರೂಪ ಬಂದಿದ್ದರೆ ಎರಡನೆಯದು, ಎರಡನೆಯದೂ ಬಂದಿದ್ದರೆ ಮೂರನೆಯದು. ನ, ರ, ದ, ತ, ಲ, ಗ, ವ, ಕ, ಮ, ಸ ಮತ್ತು ಅವುಗಳ ಗುಣಿತಕ್ಕೆ ಮಾಡಿದರೆ ಬಹುಪಾಲು ಮುಗಿಯಿತು. ಞ-ಗೆ ಮೂರು ರೂಪ ಮಾಡಿ ಕೂರಬೇಡಿ.

ಕನ್ನಡದಲ್ಲಿ ಇದು ಎಡವುವ ಜಾಗ ಎರಡು. ಒಂದು, ನಿಯಮ ನೋಡುವುದು ನೀವು ಟೈಪ್ ಮಾಡಿದ ಕ್ರಮವನ್ನಲ್ಲ, ಶೇಪಿಂಗ್ ಆದಮೇಲಿನ ಕ್ರಮವನ್ನು. "ಕ್ಕಿ" ಅಂದರೆ ಟೈಪ್ ಮಾಡಿದ್ದು ಕ, ವಿರಾಮ (್), ಕ, ಇ-ಕಾರ. ನಿಯಮದ ಕಣ್ಣಿಗೆ ಬೀಳುವುದು ಮೊದಲು ಕಿ, ಆಮೇಲೆ ಕ-ಒತ್ತು. ಎರಡು, ಈ ಹಂತದಲ್ಲಿ ಲುಕಪ್‌ಗಳು (ಗ್ಲಿಫ್ ಬದಲಿಸುವ ನಿಯಮಗಳ ಗುಂಪುಗಳು) ಫಾಂಟಿನಲ್ಲಿ ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಓಡುತ್ತವೆ. ರೂಪ ಬದಲಿಸುವ ಲುಕಪ್ ಗುಣಿತ ಕಟ್ಟುವ ಲುಕಪ್‌ಗಿಂತ ಮೊದಲು ಕೂತಿದ್ದರೆ, ಕ-ದ ಎರಡನೆಯ ರೂಪ ಬಂದುಬಿಡುತ್ತದೆ, ಅದಕ್ಕೆ ಇ-ಕಾರ ಕೂಡಿಸುವ ನಿಯಮ ಸಿಗದೆ ಅಕ್ಷರ ಒಡೆದು ನಿಲ್ಲುತ್ತದೆ. ಅದನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ.

---

ಅರ್ಕಾವತ್ತು

ಗ್ಲಿಫ್‌ಗಿರಾಕಿ ಹೇಳಿದ್ದಕ್ಕೆ ಸೇರಿಸಿ: ಹಿಂದಿನ ಮೂರು ಗ್ಲಿಫ್ ಎಣಿಸುವಾಗ ಒತ್ತು, ಅರ್ಕಾವತ್ತುಗಳೂ ಎಣಿಕೆಗೆ ಬರುತ್ತವೆ. ಒತ್ತಕ್ಷರಕ್ಕೆ ತನ್ನದೇ ಅಗಲ ಕೊಟ್ಟಿದ್ದರೆ ಅದು ಸಾಮಾನ್ಯವಾಗಿ ಮಾರ್ಕ್ (ಇನ್ನೊಂದು ಗ್ಲಿಫಿಗೆ ಅಂಟಿ ಕೂರುವ ಚಿಹ್ನೆ) ಆಗಿರುವುದಿಲ್ಲ, ಮಾರ್ಕ್ ಬಿಟ್ಟು ನೋಡು ಅನ್ನುವ ಸೂಚನೆ ಅದಕ್ಕೆ ತಾಗುವುದಿಲ್ಲ. ಎಣಿಕೆಯ ಗುಂಪಿನಲ್ಲಿ ಅವನ್ನೂ ಸೇರಿಸಿಡಿ.

ಪರೀಕ್ಷೆಗೆ ಈ ಪದಗಳು: ಕನಕ, ಅಕ್ಕಿ, ತತ್ತ್ವ, ರಾಷ್ಟ್ರ, ಸ್ತ್ರೀ, ಅರ್ಕ, ಧರ್ಮ, ರ‍್ಯಾಂಕ್, ದಧಿ, ಪಠ್ಯ, ಭಬ್ಬ, ನನ್ನನ್ನು. ಕೊನೆಯದು ನಾಲ್ಕೈದು ನ ಒಟ್ಟಿಗೆ ಬರುವ ಪದ, ರೂಪ ಬದಲಾಗುತ್ತಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಭಬ್ಬಕ್ಕೆ ಅರ್ಥ ಇಲ್ಲ, ಸೀಳು ನೋಡಲು ಅಷ್ಟೇ. ಶೇಪಿಂಗ್ ಮಾಡುವ ತಂತ್ರಾಂಶ ಹಾರ್ಫ್‌ಬಜ್‌ನ ಎಚ್‌ಬಿ ಶೇಪ್ ಆದೇಶದಲ್ಲಿ ಗ್ಲಿಫ್ ಹೆಸರುಗಳನ್ನೇ ನೋಡಿ. ಚಿತ್ರ ನೋಡಿ ಪರೀಕ್ಷಿಸಿದರೆ ಮೂರು ರೂಪದ ವ್ಯತ್ಯಾಸ ಕಣ್ಣಿಗೆ ಬೀಳದೆ ಹೋಗಬಹುದು.

ಇಲಸ್ಟ್ರೇಟರ್, ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ಕಂಪೋಸರ್ (ಇನ್‌ಡಿಸೈನ್‌ನಲ್ಲಿ ಅದರ ಹೆಸರು ವರ್ಲ್ಡ್ ರೆಡಿ) ಆಯ್ಕೆ ಆಗಿರಬೇಕು. ಇಲ್ಲದಿದ್ದರೆ ಒತ್ತು ಒಡೆಯುತ್ತದೆ, ಬೈಗುಳ ಫಾಂಟಿಗೆ ಬೀಳುತ್ತದೆ.

---

ಮಸಿರೋಲರ್

ಅಂತರದ ಬಗ್ಗೆ ಒಂದು ಎಚ್ಚರಿಕೆ. ಒರಟು ಮಾಡಿದ ಮೇಲೆ ಆಟೋ ಸ್ಪೇಸಿಂಗ್ ಒತ್ತಬೇಡಿ. ಅಂಚಿನಿಂದ 15 ಯೂನಿಟ್ ಆಚೆ ಒಂದೇ ಒಂದು ಕರಿ ಚುಕ್ಕಿ ಇದ್ದರೂ ಸಾಫ್ಟ್‌ವೇರ್ ಅದನ್ನೇ ಅಕ್ಷರದ ಅಂಚು ಅಂದುಕೊಳ್ಳುತ್ತದೆ, ಒಂದು ಅಕ್ಷರ ಮಾತ್ರ ಸಾಲಿನಲ್ಲಿ ದೂರ ನಿಂತಂತಾಗುತ್ತದೆ. ನುಣುಪು ಫೈಲಿನ ಅಂತರವೇ ಅಂತಿಮ.

ಮೇಲೆ ಕೆಳಗೂ ಹಾಗೆಯೇ. ಸ್ತ್ರೀ, ಷ್ಟ್ರ ತರಹದ ಎರಡು ಒತ್ತಿನ ಅಕ್ಷರ ಎಷ್ಟು ಕೆಳಗೆ ಇಳಿಯುತ್ತದೆ ಎಂದು ನೋಡಿ, ಅದಕ್ಕೆ ಒರಟು ಅಂಚಿನ 10, 20 ಯೂನಿಟ್ ಸೇರಿಸಿ ವಿನ್ ಡಿಸೆಂಟ್ (ವಿಂಡೋಸ್‌ನಲ್ಲಿ ಅಕ್ಷರ ಕೆಳಗೆ ಇಳಿಯಬಹುದಾದ ಮಿತಿ) ಇಡಿ. ಕಡಿಮೆ ಇಟ್ಟರೆ ವಿಂಡೋಸ್‌ನ ಕೆಲವು ತಂತ್ರಾಂಶಗಳಲ್ಲಿ ಒತ್ತಿನ ತಳ ಚಾಕುವಿನಿಂದ ಕೊಯ್ದ ಹಾಗೆ ಸಪಾಟಾಗುತ್ತದೆ. ಒರಟು ಫಾಂಟಿನಲ್ಲಿ ಆ ಸಪಾಟು ಗೆರೆ ಎದ್ದು ಕಾಣುತ್ತದೆ.

---

ಪರದೆಮುದ್ರಕ

ಆಫ್‌ಸೆಟ್‌ಗೆ ಕೊಡುವವರಿಗೆ: ಒರಟು ಅಕ್ಷರವನ್ನು ನಾಲ್ಕು ಬಣ್ಣದ ಕಪ್ಪಿನಲ್ಲಿ ಹಾಕಬೇಡಿ. ತಟ್ಟೆಗಳು 0.1 ಮಿಲಿಮೀಟರ್ ಜರುಗಿದರೂ 0.15 ಮಿಲಿಮೀಟರಿನ ಚುಕ್ಕಿಯೊಳಗೆ ನೀಲಿ, ಕೆಂಪು ಇಣುಕಿ, ಚುಕ್ಕಿ ಅರ್ಧ ಮುಚ್ಚಿಹೋಗುತ್ತದೆ. ಬರೀ ಕಪ್ಪು 100%, ಅಥವಾ ಒಂದೇ ಸ್ಪಾಟ್ ಬಣ್ಣ (ಮೊದಲೇ ಬೆರೆಸಿದ ಒಂಟಿ ಮಸಿ).

ಮತ್ತೆ, ಪಿಡಿಎಫ್ ಮಾಡುವಾಗ ಔಟ್‌ಲೈನ್‌ಗೆ ಪರಿವರ್ತಿಸುವ ಅಭ್ಯಾಸ ಇಲ್ಲಿ ಬೇಡ. ಫಾಂಟ್ ಎಂಬೆಡ್ ಆದರೆ ಕ-ದ 530 ಬಿಂದು ಫೈಲಿನಲ್ಲಿ ಒಂದೇ ಸಲ ಇರುತ್ತದೆ. ಔಟ್‌ಲೈನ್ ಮಾಡಿದರೆ ಎಷ್ಟು ಕ ಇದೆಯೋ ಅಷ್ಟು ಸಲ.

---

ಸೊನ್ನೆ

ವೆಬ್ಬಿಗೆ? 600 ಗ್ಲಿಫ್, ತಲಾ 530 ಬಿಂದು, ಟ್ರೂಟೈಪಿನಲ್ಲಿ ಬಿಂದುವಿಗೆ ಸುಮಾರು ಮೂರು ಬೈಟ್ ಹಿಡಿದರೂ ಹತ್ತಿರ ಹತ್ತಿರ ಒಂದು ಎಂಬಿ. ಗೊತ್ತುಗುರಿಯಿಲ್ಲದ ಚುಕ್ಕಿ ಚೆನ್ನಾಗಿ ಕಂಪ್ರೆಸ್ ಕೂಡ ಆಗುವುದಿಲ್ಲ.

---

ಗ್ಲಿಫ್‌ಗಿರಾಕಿ

@ಸೊನ್ನೆ ವೆಬ್ಬಿನಲ್ಲಿ ಪರದೆಮುದ್ರಕರ ಪಕ್ಷಕ್ಕೆ ಸೇರುತ್ತೇನೆ. ನುಣುಪು ಫಾಂಟ್ ಹಾಕಿ, ಸಿಎಸ್‌ಎಸ್‌ನ ಮಾಸ್ಕ್ ಇಮೇಜ್‌ನಲ್ಲಿ 800×800 ಪಿಕ್ಸೆಲಿನ ಚುಕ್ಕಿ ಚಿತ್ರ ಕೊಡಿ. ಫಾಂಟೇ ಬೇಕಾದರೆ ಶೀರ್ಷಿಕೆಯ ಅಕ್ಷರಗಳಿಗೆ ಮಾತ್ರ ಸಬ್‌ಸೆಟ್ ಮಾಡಿ, ಡಬ್ಲ್ಯೂಓಎಫ್‌ಎಫ್2 (ವೆಬ್ಬಿಗೆ ಕುಗ್ಗಿಸಿದ ಫಾಂಟ್ ಕಡತ) ಮಾಡಿ. ಸಬ್‌ಸೆಟ್ ಮಾಡುವಾಗ ವಿರಾಮವನ್ನು (್) ಬಿಟ್ಟುಬಿಟ್ಟರೆ ಒತ್ತಕ್ಷರಗಳೆಲ್ಲ ಹೋಗುತ್ತವೆ, ಶೂನ್ಯ ಅಗಲದ ಜೋಡಕವನ್ನು (ಕಣ್ಣಿಗೆ ಕಾಣದ ಜೋಡಿಸುವ ಅಕ್ಷರ) ಬಿಟ್ಟರೆ ರ‍್ಯಾಂಕ್ ತರಹದವು ಕೆಡಬಹುದು.

---

ತಲೆಕಟ್ಟು

ಬಹಳಷ್ಟು ಸಿಕ್ಕಿತು. ನುಣುಪು ಔಟ್‌ಲೈನ್ ಮೊದಲಿಂದ ಬಿಡಿಸುವ ಬದಲು ಗೂಗಲ್ ಫಾಂಟ್ಸ್‌ನ ಅನೇಕ್ ಕನ್ನಡದ ದಪ್ಪ ತೂಕವನ್ನು (ಗೆರೆ ದಪ್ಪ ಇರುವ ರೂಪವನ್ನು) ಬಳಸಬಹುದೇ? ಓಎಫ್‌ಎಲ್ (ಮುಕ್ತ ಫಾಂಟ್) ಪರವಾನಗಿ ಅಂತ ಇದೆ.

---

ಅರ್ಕಾವತ್ತು

ಬಳಸಬಹುದು, ಮೂರು ಷರತ್ತು ನೆನಪಿಡಿ. ಅದರಿಂದ ಹುಟ್ಟಿದ ಫಾಂಟೂ ಓಎಫ್‌ಎಲ್ ಅಡಿಯಲ್ಲೇ ಹೊರಬರಬೇಕು, ಫಾಂಟನ್ನೇ ಒಂಟಿಯಾಗಿ ಮಾರುವಂತಿಲ್ಲ. ಪರವಾನಗಿ ಕಡತದಲ್ಲಿ ಕಾಯ್ದಿರಿಸಿದ ಹೆಸರು ಅಂತ ಏನಾದರೂ ಬರೆದಿದ್ದರೆ ಆ ಹೆಸರು ಬಳಸುವಂತಿಲ್ಲ. ಆ ಫಾಂಟಿನಿಂದ ಮಾಡಿದ ಪೋಸ್ಟರ್, ಅಂಗಿ, ಲೋಗೋ ಮಾರಾಟಕ್ಕೆ ತಡೆಯಿಲ್ಲ.

ಅನೇಕ್‌ನ ಅತಿ ದಪ್ಪ ತೂಕ 800. ಆ ತೂಕದಲ್ಲಿ ಧ, ಭ-ಗಳ ಸೀಳು ನುಣುಪು ಮುದ್ರಣಕ್ಕೆ ಸಾಕಾಗುವಷ್ಟಿದೆ, ಸವೆತಕ್ಕೆ ಅಷ್ಟು ಸಾಲದು. 700ಕ್ಕೆ ಇಳಿಯಿರಿ, ಇಲ್ಲವೇ ಸೀಳನ್ನು ಕೈಯಲ್ಲಿ ಅಗಲ ಮಾಡಿಕೊಳ್ಳಿ.

---

ತಲೆಕಟ್ಟು

700ರ ಮೇಲೆ ಓಡಿಸಿದೆ. ಕ 548 ಬಿಂದು, ಅತಿ ಹೆಚ್ಚು ಅಂದರೆ ಘೌ, 1,012. ತೇಪೆ ಹೋಯಿತು. ಒತ್ತು ಈಗ ಮೇಲಿನ ಅಕ್ಷರದ ಜೊತೆಗೇ ಒತ್ತಿದ ಹಾಗೆ ಕಾಣುತ್ತದೆ. ಒಂದು ಹೊಸ ಕಾಟ: ಕೆಲವು ಗ್ಲಿಫಿನಲ್ಲಿ ಬಿಳಿ ಚುಕ್ಕಿ ಅಂಚಿಗೆ ತಾಗಿದಲ್ಲಿ ಕೂದಲಿನಷ್ಟು ತೆಳ್ಳಗಿನ ಕರಿ ಗೆರೆ ಉಳಿಯುತ್ತಿದೆ, ಒಂದೆರಡು ಯೂನಿಟ್ ಅಗಲ.

---

ಅಚ್ಚುಮೊಳೆ

ಅದು ಚುಕ್ಕಿ ಅಂಚಿಗೆ ತಾಗಿದ್ದಲ್ಲ, ತಾಗುವುದಕ್ಕೆ ಒಂದೆರಡು ಯೂನಿಟ್ ಮುಂಚೆ ನಿಂತದ್ದು. ಕಳೆಯುವ ಮೊದಲು ಪ್ರತಿ ಚುಕ್ಕಿಗೂ ಅಂಚಿನಿಂದ ದೂರ ಅಳೆಯಿರಿ. 6 ಯೂನಿಟ್‌ಗಿಂತ ಹತ್ತಿರ ಇದ್ದರೆ ಆ ಚುಕ್ಕಿಯನ್ನು ಬಿಟ್ಟುಬಿಡಿ, ಇಲ್ಲವೇ 8 ಯೂನಿಟ್ ಹೊರಕ್ಕೆ ತಳ್ಳಿ, ಅಂಚಿನ ಕಡಿತವೇ ಆಗಲಿ. ಮಸಿರೋಲರ್ ಹೇಳಿದ ಅಂಚುಪಟ್ಟಿಯ ನಿಯಮ ಇನ್ನೂ ಹಾಕಿಲ್ಲ ಅನಿಸುತ್ತದೆ, ಅದನ್ನು ಹಾಕಿದರೆ ಇವುಗಳಲ್ಲಿ ಹೆಚ್ಚಿನವು ತಾವಾಗೇ ಹೋಗುತ್ತವೆ. ಕಳೆದ ಮೇಲೆ 20 ಚದರ ಯೂನಿಟ್‌ಗಿಂತ ಸಣ್ಣ ಚೂರುಗಳನ್ನೆಲ್ಲ ಅಳಿಸುವ ಒಂದು ಸಾಲೂ ಸ್ಕ್ರಿಪ್ಟಿನಲ್ಲಿರಲಿ. ಅನುಸ್ವಾರ, ಠ ಮತ್ತು ಥ-ಗಳನ್ನು ಆಮೇಲೆ ಒಮ್ಮೆ ಕಣ್ಣಲ್ಲೇ ನೋಡಿ.